ಹಲಗೆಯ ಅಂಚಿನಿಂದ ಎರಡು ಬೆರಳು

ಪುಟ್ಟಲಿಂಗಮ್ಮ ಆ ಬಂಗಲೆಗೆ ಮೊದಲು ಹೋದದ್ದು ಪೊರಕೆ ಹಿಡಿದು. ಫರ್ನ್‌ಹಿಲ್ಲಿನ ಇಳಿಜಾರಿನಲ್ಲಿ, ಸೈಪ್ರೆಸ್ ಮರಗಳ ಹಿಂದೆ, ವರ್ಷಗಟ್ಟಲೆ ಬಾಗಿಲು ಹಾಕಿಕೊಂಡಿದ್ದ ಮನೆ ಅದು. ಎರಡು ಸಾವಿರದ ಎಂಟರ ಜೂನ್ ತಿಂಗಳಲ್ಲಿ ಒಂದು ಕಂಪನಿ ಅದನ್ನು ಬಾಡಿಗೆಗೆ ಹಿಡಿಯಿತು. ಗೋಡೆಯ ಪಾಚಿ ಕೆರೆದು, ಮಹಡಿಯಲ್ಲಿ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ, ಮರದ ನೆಲಕ್ಕೆ ಮೇಣ ತಿಕ್ಕಿ ಅದನ್ನು ಮನೆಯಾಗಿಸಲು ಅವಳಿಗೆ ಎರಡು ವಾರ ಹಿಡಿಯಿತು.

ಅವಳು ಮಸಿನಗುಡಿಯವಳು. ಅಜ್ಜನ ಕಾಲಕ್ಕೆ ಗುಂಡ್ಲುಪೇಟೆ ಕಡೆಯಿಂದ ಕಾಡು ದಾಟಿ ಬಂದ ರಾಗಿ ಬೆಳೆಯುವ ಮನೆತನ. ಹುಡುಗಿಯಾಗಿದ್ದಾಗ ಕರೆಂಟು ತೆಗೆಯಲು ನೀರು ಹೋಗುವ ಕಾಲುವೆಯ ಮೇಲೆ ಅಡ್ಡ ಹಾಕಿದ ಒಂಟಿ ಹಲಗೆ ದಾಟಿ ಎಮ್ಮೆಗಳಿಗೆ ಹುಲ್ಲು ತರುತ್ತಿದ್ದಳು. ತಲೆಯ ಮೇಲೆ ಹೊರೆ, ಕೆಳಗೆ ಸದ್ದಿಲ್ಲದೆ ಓಡುವ ಕಪ್ಪು ನೀರು. ಮದುವೆಯಾಗಿ ಊಟಿಗೆ ಬಂದಳು. ಗಂಡ ಗುರುಸ್ವಾಮಿ ಮಾರ್ಕೆಟ್ಟಿನಲ್ಲಿ ಕ್ಯಾರೆಟ್ ಮೂಟೆ ಹೊರುವವನು. ಒಬ್ಬಳೇ ಮಗಳು ಶಾಂತಲಾ ಸರ್ಕಾರಿ ಕಾಲೇಜಿನಲ್ಲಿ ಓದುತ್ತಿದ್ದಳು. ನಲವತ್ತು ವರ್ಷ ತುಂಬುವಷ್ಟರಲ್ಲಿ ಪುಟ್ಟಲಿಂಗಮ್ಮ ಏಳು ಮನೆಗಳಲ್ಲಿ ಕೆಲಸ ಮಾಡಿದ್ದಳು. ಏಳೂ ಮನೆಗಳಲ್ಲಿ ಅವಳ ಹೆಸರು ಆಯಾ.

ಮಳೆ ಹಿಡಿದರೆ ಊಟಿಯ ಕೆಮ್ಮಣ್ಣು ಚಪ್ಪಲಿಗೆ ಅಂಟಿ ಮನೆಯೊಳಕ್ಕೆಲ್ಲ ನಡೆದುಬಿಡುತ್ತದೆ. ಮ್ಯಾನೇಜರ್ ಜಯರಾಮನ್, ಕೊಯಮತ್ತೂರಿನವರು, ಮೊದಲ ದಿನ ಬೂಟು ಹಾಕಿಕೊಂಡೇ ಒಳಗೆ ನಡೆದರು. ಪುಟ್ಟಲಿಂಗಮ್ಮ ಬಾಯಿ ಬಿಡಲಿಲ್ಲ. ಒದ್ದೆ ಬಟ್ಟೆ ಹಿಡಿದು ಕುಕ್ಕರಗಾಲಿನಲ್ಲಿ ಅವರ ಹಿಂದೆಯೇ ಒಂದೊಂದು ಹೆಜ್ಜೆಯನ್ನೂ ಒರೆಸುತ್ತ ಹೋದಳು. ಮೇಜು ಮುಟ್ಟುವಷ್ಟರಲ್ಲಿ ಅವರಿಗೇ ನಾಚಿಕೆಯಾಗಿ, ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ವಾಪಸು ಬಾಗಿಲಿಗೆ ಬಂದರು. ಮಾರನೆಯ ದಿನ ಬಾಗಿಲ ಮೇಲೆ ಒಂದು ಕಾಗದ ಅಂಟಿತ್ತು. ಪಾದರಕ್ಷೆ ಹೊರಗೆ ಬಿಡಿ ಎಂದು ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಬರೆದು, ಕೆಳಗೆ ಜಯರಾಮನ್ ಸಹಿ ಹಾಕಿದ್ದರು.

ಒಳಗೆ ನಡೆಯುತ್ತಿದ್ದ ಕೆಲಸವೆಂದರೆ ಆಟ. ಅಮೆರಿಕದ ಕಂಪನಿಯೊಂದು ಟಿವಿಗೆ ಜೋಡಿಸಿ ಆಡುವ ಆಟ ತಯಾರಿಸುತ್ತಿತ್ತು. ತೆರೆಯ ಮೇಲೆ ಟೊಪ್ಪಿಗೆ ಹಾಕಿದ ಒಬ್ಬ ಹುಡುಗ, ಕಾಲ ಕೆಳಗೆ ಗಾಲಿಯ ಹಲಗೆ. ಅವನು ಮೆಟ್ಟಿಲಿನ ಕಟಾಂಜನದ ಮೇಲೆ ಜಾರುತ್ತಾನೆ, ಗಾಳಿಗೆ ನೆಗೆಯುತ್ತಾನೆ. ಆಡುವವರ ಕೈಯಲ್ಲಿ ಗುಂಡಿಯೂ ಇಲ್ಲ, ಕಡ್ಡಿಯೂ ಇಲ್ಲ. ಅವರ ಕಾಲ ಕೆಳಗೂ ಒಂದು ಹಲಗೆ. ಅದಕ್ಕೆ ಗಾಲಿಯಿಲ್ಲ, ಹೊಟ್ಟೆ ಸ್ವಲ್ಪ ಉಬ್ಬಿಕೊಂಡು ನೆಲದ ಮೇಲೆ ತೂಗಾಡುತ್ತದೆ. ನಾವು ಎಡಕ್ಕೆ ವಾಲಿದರೆ ಹುಡುಗ ಎಡಕ್ಕೆ ವಾಲುತ್ತಾನೆ. ಹಲಗೆಯ ನಾಲ್ಕು ಅಂಚಿಗೂ ಹುರುಳಿಕಾಳಿನಷ್ಟು ಕಪ್ಪು ಗಾಜುಗಳಿದ್ದವು. ಚಿತ್ರ, ಸದ್ದು ಎಲ್ಲ ಆ ದೇಶದಲ್ಲೇ ತಯಾರಾಗುತ್ತಿತ್ತು. ಹಲಗೆ ಮನುಷ್ಯನ ಮೈಯನ್ನು ಸರಿಯಾಗಿ ಓದುತ್ತದೆಯೋ ಇಲ್ಲವೋ ಎಂದು ತಿದ್ದುವುದು ಮಾತ್ರ ಈ ಬಂಗಲೆಯ ಪಾಲು. ಹನ್ನೆರಡು ಜನ ಹುಡುಗರು ಬೆಳಿಗ್ಗೆಯಿಂದ ಸಂಜೆವರೆಗೆ ಬರಿಗಾಲಲ್ಲಿ ಹಲಗೆಯ ಮೇಲೆ ನಿಂತು ವಾಲುತ್ತಿದ್ದರು. ಅವರ ಮೇಲೆ ಒಬ್ಬ ಎಂಜಿನಿಯರ್, ಗಿರಿಧರನ್. ಕುಂದಾ ಕಡೆಯ ಬಡಗರ ಹುಡುಗ. ಅವನ ಬಡಗ ಮಾತೂ ಇವಳ ಕನ್ನಡವೂ ಅರ್ಧ ದಾರಿಯಲ್ಲಿ ಎದುರಾಗಿ ಪರಿಚಯ ಹಿಡಿದವು. ಅವಳು ಅವನನ್ನು ತಂಬಿ ಎನ್ನುತ್ತಿದ್ದಳು, ಅವನು ಅಕ್ಕ ಎನ್ನುತ್ತಿದ್ದ.

ಆಗಸ್ಟಿನಲ್ಲಿ ಆ ದೇಶದಿಂದ ಕಾಗದ ಬಂತು. ಆಟ ಮನೆಮಂದಿಗೆಲ್ಲ ಒಗ್ಗಬೇಕು, ತಾಯಂದಿರೂ ಆಡುವಂತಿರಬೇಕು, ನಿಮ್ಮಲ್ಲಿ ಹುಡುಗರೇ ಇದ್ದಾರಲ್ಲ ಎಂದು. ಗಿರಿಧರನ್ ಸುತ್ತ ನೋಡಿದ. ಕಿಟಕಿ ಒರೆಸುತ್ತಿದ್ದ ಪುಟ್ಟಲಿಂಗಮ್ಮನ ಹತ್ತಿರ ಬಂದು ತೂಕ ಎಷ್ಟು ಎಂದು ಕೇಳಿದ. ರೇಷನ್ ಅಂಗಡಿಯ ತಕ್ಕಡಿಯಲ್ಲಿ ನಿಂತು ನೋಡಿದ್ದು ನಲವತ್ತೆಂಟು ಎಂದಳು.

ಅವಳು ಹಲಗೆಯನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡು ಆಮೇಲೆ ಕಾಲಿಟ್ಟಳು. ಹುಡುಗರು ನಕ್ಕರು. ಆದರೆ ಅವಳು ನಿಂತ ರೀತಿಗೆ ನಗು ನಿಂತಿತು. ಮೊದಲ ದಿನ ಹುಡುಗರೆಲ್ಲ ತೊಪ್ಪನೆ ಬಿದ್ದ ಕಡೆ ಇವಳು ಸೊಂಟದಿಂದ ಮೇಲೆ ಅಲುಗದೆ, ಕಾಲ್ಬೆರಳುಗಳಿಂದಲೇ ಹಲಗೆಯನ್ನು ಹಿಡಿದು ಮೆಲ್ಲಗೆ ತೂಗಿದಳು. ತೆರೆಯ ಹುಡುಗ ಇಡೀ ಬೀದಿಯನ್ನು ಒಮ್ಮೆಯೂ ಬೀಳದೆ ಇಳಿದ. ತಲೆಯ ಮೇಲೆ ಹೊರೆಯಿಲ್ಲದ್ದೇ ಅವಳಿಗೆ ವಿಚಿತ್ರವೆನಿಸಿತು.

ಹೀಗೆ ಅವಳು ಬೆಳಿಗ್ಗೆ ಗುಡಿಸುವುದು, ಆಮೇಲೆ ಸೆರಗು ಬಿಗಿದು ಹಲಗೆ ಹತ್ತುವುದು ಎಂದಾಯಿತು. ಗುರುಸ್ವಾಮಿಗೆ ಇದು ಬಹಳ ದಿನ ಅರಗಲಿಲ್ಲ.

“ನಾನು ಇಪ್ಪತ್ತು ವರ್ಸದಿಂದ ನೆಲದ ಮ್ಯಾಲೆ ನಿಂತಿವ್ನಿ, ಒಬ್ನೂ ಅದ್ಕೆ ಸಂಬ್ಳ ಕೊಟ್ಟಿಲ್ಲ. ನಿಂಗೆ ಹಲ್ಗೆ ಮ್ಯಾಲೆ ನಿಂತ್ರೆ ಕೊಡ್ತಾರಂತಾ?” ಎಂದ.

ಕೊರಳಿಗೆ ಹಾಕುವ ಒಂದು ಚೀಟಿಯನ್ನೂ ಕೊಟ್ಟರು. ಅವಳ ಫೋಟೋ, ಕೆಳಗೆ ಇಂಗ್ಲಿಷಿನಲ್ಲಿ ಅವಳ ಹೆಸರು. ಅವಳಿಗೆ ಆ ಅಕ್ಷರಗಳು ಓದಲು ಬರದು. ಎಷ್ಟು ಉದ್ದ, ಎಲ್ಲಿ ಎರಡು ಕಂಬ ಒಟ್ಟಿಗೆ ನಿಲ್ಲುತ್ತವೆ, ಕೊನೆಯಲ್ಲಿ ಹೇಗೆ ದುಂಡಗಾಗುತ್ತದೆ ಎಂಬುದನ್ನು ಮಾತ್ರ ರಂಗೋಲಿಯ ಚುಕ್ಕಿಗಳನ್ನು ನೆನಪಿಟ್ಟುಕೊಳ್ಳುವಂತೆ ಕಣ್ಣಿನಲ್ಲಿ ಇಟ್ಟುಕೊಂಡಳು.

ಒಂದು ಮಧ್ಯಾಹ್ನ, ಎಲ್ಲರೂ ಊಟದ ಡಬ್ಬಿ ಬಿಚ್ಚಿದ್ದಾಗ, ಗಿರಿಧರನ್ ಬೇರೊಂದು ಆಟದ ಕೊನೆಯನ್ನು ಹಾಕಿ ತೋರಿಸಿದ. ಕಪ್ಪು ತೆರೆಯ ಮೇಲೆ ಹೆಸರುಗಳು ಕೆಳಗಿನಿಂದ ಮೇಲಕ್ಕೆ ಸಾಲು ಸಾಲಾಗಿ ಏರುತ್ತಿದ್ದವು. ಕೆಲಸ ಮಾಡಿದವರೆಲ್ಲರ ಹೆಸರು, ಚಹಾ ಕೊಟ್ಟವರದೂ ಇರುತ್ತದೆ ಎಂದ.

“ನಿಮ್ ಹೆಸ್ರೂ ಹಿಂಗೇ ಹೋಗುತ್ತೆ ಅಕ್ಕಾ.”

“ಪೂರಾ ಹೆಸ್ರಾ?”

“ಪೂರಾ.”

ಅವಳು ಆಮೇಲೆ ಆ ಮಾತು ಎತ್ತಲಿಲ್ಲ. ಮನೆಯಲ್ಲಿ ಶಾಂತಲಾಗೆ ಮಾತ್ರ ಹೇಳಿದಳು. ಆ ಹೆಸರುಗಳು ಬಹಳ ಬೇಗ ಓಡುತ್ತವೆ, ಕಣ್ಣು ಮಿಟುಕಿಸಿದರೆ ಹೋಯಿತು ಎಂದಳು ಮಗಳು. ಮಿಟುಕಿಸಲ್ಲ ಬಿಡು ಎಂದು ಪುಟ್ಟಲಿಂಗಮ್ಮ ಒಲೆ ಊದಿದಳು.

ಹಲಗೆಯ ಕಪ್ಪು ಗಾಜುಗಳೇನು ಎಂಬುದು ಅವಳಿಗೆ ತಿಳಿದದ್ದು ತನ್ನದೇ ಎಡವಟ್ಟಿನಿಂದ. ಆಯುಧಪೂಜೆಯ ದಿನ ಹಲಗೆಗಳನ್ನೆಲ್ಲ ಸಾಲಾಗಿ ಇಟ್ಟು ಒರೆಸಿ, ನಾಲ್ಕೂ ಗಾಜಿಗೆ ಗಂಧ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟಳು. ಮಾರನೆಯ ದಿನ ತೆರೆಯ ಹುಡುಗ ವಾಲುತ್ತಾನೆ, ನೆಗೆಯುತ್ತಾನೆ, ಆದರೆ ಯಾರು ಎಷ್ಟು ಬಗ್ಗಿದರೂ ಅವನು ಬಗ್ಗಿ ತನ್ನ ಹಲಗೆಯನ್ನು ಕೈಯಲ್ಲಿ ಹಿಡಿಯುವುದಿಲ್ಲ. ಅರ್ಧ ದಿನ ಎಲ್ಲರೂ ಕಂಪ್ಯೂಟರಿನೊಳಗೆ ತಪ್ಪು ಹುಡುಕಿದರು. ಕೊನೆಗೆ ಗಿರಿಧರನ್ ಹಲಗೆಯನ್ನು ಮೂಗಿನ ಹತ್ತಿರ ತಂದು ನೋಡಿ ನೆಲದ ಮೇಲೆ ಕೂತು ನಕ್ಕುಬಿಟ್ಟ. ಅವು ಕಣ್ಣುಗಳಕ್ಕಾ, ನೀವು ಕಣ್ಣಿಗೆ ಕುಂಕುಮ ಇಟ್ಟಿದ್ದೀರಿ ಎಂದ. ಕಾಣದ ಒಂದು ಬೆಳಕು ಅವುಗಳಿಂದ ಹೊರಡುತ್ತದೆ, ಅಂಚಿನ ಹತ್ತಿರ ಕೈ ಬಂದರೆ ಅದಕ್ಕೆ ತಗುಲಿ ವಾಪಸಾಗುತ್ತದೆ, ಆಗ ಹಲಗೆಗೆ ಕೈ ಬಂತೆಂದು ಗೊತ್ತಾಗುತ್ತದೆ ಎಂದು ವಿವರಿಸಿದ. ಸೀರೆಯಲ್ಲಿ ಪುಟ್ಟಲಿಂಗಮ್ಮ ಪೂರ್ತಿ ಬಗ್ಗಲಾರಳು, ಅವಳ ಕೈ ಒಂದು ಗೇಣು ಮೇಲೆಯೇ ನಿಲ್ಲುತ್ತಿತ್ತು. ತಾಯಂದಿರಿಗೂ ಆಗಬೇಕಲ್ಲ ಎಂದು ಅವನು ಆ ಕಣ್ಣುಗಳನ್ನು ಇನ್ನಷ್ಟು ಚುರುಕು ಮಾಡಿದ. ಜಯರಾಮನ್ ಅದನ್ನು ಹೊಗಳಿ ಆ ದೇಶಕ್ಕೆ ಬರೆದರು.

ಫೆಬ್ರವರಿಯಲ್ಲಿ ಒಂದು ದಿನ ಕರೆಂಟು ಬಂದು ಹೋಗಿ ಮಾಡಿ ಎರಡು ಟಿವಿ ಸುಟ್ಟುಹೋದವು. ವೈರು ನೋಡಲು ಧರ್ಮಲಿಂಗಂ ಎಂಬ ವಯಸ್ಸಾದ ಲೈನ್‌ಮನ್ ಬಂದ. ಮಂಡಿವರೆಗಿನ ರಬ್ಬರ್ ಬೂಟು. ಕರೆಂಟಿನ ಕೆಲಸದಲ್ಲಿ ಬೂಟು ಬಿಚ್ಚು ಎನ್ನುವುದು ಹೇಗೆ? ಪುಟ್ಟಲಿಂಗಮ್ಮ ಬೂಟಿನ ಅಡಿಯನ್ನು ತಾನೇ ಒರೆಸಿ ಒಳಗೆ ಬಿಟ್ಟಳು. ಕೆಲಸ ಮುಗಿದ ಮೇಲೆ ಹುಡುಗರು ಅವನನ್ನು ಹಲಗೆ ಹತ್ತಿಸಿದರು. ಅವನು ಕೈ ಕಟ್ಟಿ ಗಂಭೀರವಾಗಿ ನಿಂತ. ತೆರೆಯ ಹುಡುಗ ಎರಡು ಅಡಿ ಉರುಳುವುದು, ತಟ್ಟನೆ ಬಗ್ಗುವುದು, ಏಳುವುದು, ಮತ್ತೆ ಬಗ್ಗುವುದು.

“ಏನಯ್ಯಾ ಇದು, ಈ ಪೈಯ್ಯ ನನ್ನ ಕಾಲಿಗೆ ಬೀಳ್ತಾನೆ,” ಎಂದ ಧರ್ಮಲಿಂಗಂ. “ರಿಟೈರ್ ಆಗೋಕೆ ಇನ್ನೂ ಆರು ತಿಂಗಳಿದೆಯಪ್ಪಾ, ಆಮೇಲೆ ಬೀಳು.”

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಪುಟ್ಟಲಿಂಗಮ್ಮನೂ ನಕ್ಕಳು, ನಗುತ್ತಲೇ ಅವನ ಕಾಲು ನೋಡುತ್ತಿದ್ದಳು. ನೆಲ ಒರೆಸುವವರ ಕಣ್ಣು ಅಲ್ಲಿಗೇ ಹೋಗುವುದು. ಬೂಟಿನ ಮೂತಿ ಹಲಗೆಯ ಅಂಚಿನಿಂದ ಎರಡು ಬೆರಳು ಹೊರಗೆ ಚಾಚಿತ್ತು, ಸರಿಯಾಗಿ ಕಪ್ಪು ಕಣ್ಣಿನ ಮೇಲೆ.

ಅವನು ಹೋದ ಮೇಲೆ ಅವಳು ಹೊರಗಿನ ಚಪ್ಪಲಿಗೂಡಿನಿಂದ ಗಿರಿಧರನ್‌ನ ಬೂಟುಗಳನ್ನೇ ತಂದಳು. ಅಡಿ ಒರೆಸಿ, ತನ್ನ ಕಾಲಿಗೆ ಸಿಕ್ಕಿಸಿಕೊಂಡು ಹಲಗೆ ಹತ್ತಿದಳು. ಹುಡುಗ ಬಗ್ಗಿದ. ಬಿಚ್ಚಿ ನಿಂತಳು. ಬಗ್ಗಲಿಲ್ಲ. ಹಾಕಿಕೊಂಡಳು. ಬಗ್ಗಿದ. ಗಿರಿಧರನ್‌ನನ್ನು ಕರೆದು ಮತ್ತೊಮ್ಮೆ ಮಾಡಿ ತೋರಿಸಿದಳು. ಬೂಟಿನ ಮೂತಿಯನ್ನು ಹಲಗೆ ಕೈ ಅಂದುಕೊಳ್ಳುತ್ತದೆ, ಎರಡು ಬೆರಳು ಹೊರಗೆ ಬಂದರೆ ಸಾಕು ಎಂದಳು.

ಅಂದು ಸಂಜೆಯೊಳಗೆ ತಿದ್ದಿದ ಆಟವನ್ನು ಆ ದೇಶಕ್ಕೆ ಕಳಿಸಬೇಕಿತ್ತು. ಗಿರಿಧರನ್ ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಅವನು ಅವಳ ಕಾಲಲ್ಲಿದ್ದ ತನ್ನ ಬೂಟುಗಳನ್ನು ನೋಡಿ ನಕ್ಕ.

“ಬೂಟು ಹಾಕ್ಕೊಂಡು ಮನೆಯೊಳಗೆ ಯಾರಕ್ಕಾ ಆಡ್ತಾರೆ?”

ಅವಳು ಯೋಚಿಸಿದಳು. ಅವಳಿಗೂ ಅದು ಸರಿಯೆನಿಸಿತು. ನಡುಮನೆಯಲ್ಲಿ, ತಾಯಿಯೂ ಮಕ್ಕಳೂ ಸೇರಿ ಆಡುವ ಕಡೆ, ಬೂಟು ಹಾಕಿಕೊಂಡು ನಿಲ್ಲುವ ಮನುಷ್ಯನನ್ನು ಅವಳು ಎಷ್ಟು ಪ್ರಯತ್ನಪಟ್ಟರೂ ಕಣ್ಣಮುಂದೆ ತರಲಾರದಾದಳು. ಆದರೂ ಕೈಯಲ್ಲಿ ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವುದು ಅವಳಿಗೆ ಗೊತ್ತಿರಲಿಲ್ಲ. ಒಂದ್ ಮಾತು ಬರೆದಿಡು ತಂಬಿ ಎಂದಳು. ಬರೀತೀನಿ ಎಂದು ಅವನು ಒಳಗೆ ಹೋದ.

ಸೆಪ್ಟೆಂಬರಿಗೆ ಕೆಲಸ ಮುಗಿಯಿತು. ನವೆಂಬರಿನಲ್ಲಿ ಮಳೆಗೆ ಕೂನೂರಿನ ದಾರಿ ಅಲ್ಲಲ್ಲಿ ಕುಸಿದು, ಆಟದ ಪೆಟ್ಟಿಗೆ ಊಟಿಗೆ ಬಂದದ್ದು ಒಂದು ವಾರ ತಡವಾಗಿ. ಬಣ್ಣದ ಪೆಟ್ಟಿಗೆ, ಅದರ ಮೇಲೆ ಹಲಗೆಯ ಚಿತ್ರ, ಅದರ ಮೇಲೆ ನೆಗೆಯುವ ಒಬ್ಬ ಹುಡುಗ. ಪೆಟ್ಟಿಗೆಯ ಮೇಲಿನ ಹುಡುಗನ ಕಾಲಲ್ಲಿ ಬೂಟಿತ್ತು. ಅದನ್ನು ಆ ದಿನ ಯಾರೂ ನೋಡಲಿಲ್ಲ.

ಅಂದು ಪುಟ್ಟಲಿಂಗಮ್ಮ ಮದುವೆಯಲ್ಲಿ ಕೊಟ್ಟ ಸೀರೆ ಉಟ್ಟು ಬಂದಿದ್ದಳು. ಶಾಂತಲಾಳನ್ನೂ ಕಾಲೇಜು ಬಿಡಿಸಿ ಕರೆತಂದಿದ್ದಳು, ಓದಲು. ಎಲ್ಲರೂ ನೆಲದ ಮೇಲೆ ಕೂತರು. ಹೆಸರುಗಳು ಏರತೊಡಗಿದವು. ನೂರಾರು, ಆಮೇಲೂ ನೂರಾರು. ಪುಟ್ಟಲಿಂಗಮ್ಮ ಕಣ್ಣು ಮಿಟುಕಿಸಲಿಲ್ಲ. ನೀರು ತುಂಬಿ ಅಕ್ಷರಗಳು ಕದಡಿದರೂ ಬಿಟ್ಟ ಕಣ್ಣು ಮುಚ್ಚಲಿಲ್ಲ. ಜಯರಾಮನ್ ಹೆಸರು ಬಂತು, ಗಿರಿಧರನ್ ಹೆಸರು ಬಂತು. ಅದರ ಕೆಳಗೆ ಒಂದೇ ಸಾಲು. ಉದಕಮಂಡಲದ ಪರೀಕ್ಷಾ ತಂಡ ಅಂತ ಇದೆಯಮ್ಮಾ, ಅಷ್ಟೇ ಎಂದಳು ಶಾಂತಲಾ ಮೆಲ್ಲಗೆ. ಜಾಗ ಸಾಲದೆ ಹೀಗೆ ಮಾಡಿದ್ದಾರೆ, ಮುಂದಿನ ಸಲ ತಿದ್ದಿ ಕಳಿಸುವಾಗ ಎಲ್ಲರ ಹೆಸರೂ ಸೇರಿಸುತ್ತಾರೆ, ನಾನು ಬರೆದಿದ್ದೇನೆ ಎಂದ ಗಿರಿಧರನ್. ಪುಟ್ಟಲಿಂಗಮ್ಮ ನಂಬಿದಳು. ತಡವಾಗಿ ಬರುವುದು ಅವಳ ಪಾಲಿಗೆ ಹೊಸದೇನಲ್ಲ.

ಮೂರು ವಾರಕ್ಕೆ ದೂರುಗಳು ಬರತೊಡಗಿದವು. ಆ ದೇಶದಲ್ಲಿ ಜನ ನಡುಮನೆಯಲ್ಲೂ ಬೂಟು ಹಾಕಿಕೊಂಡೇ ಇರುತ್ತಾರೆ, ಹಲಗೆಯನ್ನೂ ಹಾಗೆಯೇ ಹತ್ತುತ್ತಾರೆ. ಸಾವಿರಾರು ಮನೆಗಳಲ್ಲಿ ತೆರೆಯ ಹುಡುಗ ಉರುಳುವುದು ಬಿಟ್ಟು ಬಗ್ಗುತ್ತಿದ್ದ, ಏಳುತ್ತಿದ್ದ, ಬಗ್ಗುತ್ತಿದ್ದ. ಜನ ಪೆಟ್ಟಿಗೆಗಳನ್ನು ಅಂಗಡಿಗೆ ವಾಪಸು ಕೊಟ್ಟರು. ಬಂಗಲೆಯಲ್ಲಿ ಹಗಲೆಲ್ಲ ಫೋನು. ಸಂಕ್ರಾಂತಿ ಕಳೆಯುವಷ್ಟರಲ್ಲಿ ಹುಡುಗರು ಒಬ್ಬೊಬ್ಬರಾಗಿ ಚೀಟಿ ಹಿಂತಿರುಗಿಸಿ ಹೋದರು. ತಿದ್ದಿ ಕಳಿಸುವ ಮಾತೂ ನಿಂತಿತು. ಪುಟ್ಟಲಿಂಗಮ್ಮನಿಗೆ ಮಾತ್ರ ತಿಂಗಳ ಕೊನೆಯವರೆಗೆ ಇರಲು ಹೇಳಿದರು, ಖಾಲಿ ಮಾಡುವಾಗ ಗುಡಿಸುವವರು ಬೇಕಲ್ಲ.

ಸುಡಲೆಂದು ಹಿತ್ತಲಿಗೆ ಹೊತ್ತ ಕಾಗದದ ರಾಶಿಯಲ್ಲಿ ಅವಳಿಗೆ ಅದು ಕಂಡಿತು. ಉದ್ದ ಅಷ್ಟೇ, ಎರಡು ಕಂಬ ಒಟ್ಟಿಗೆ, ಕೊನೆಯಲ್ಲಿ ದುಂಡಗೆ. ಕೊರಳಿನ ಚೀಟಿಯನ್ನು ಪಕ್ಕದಲ್ಲಿ ಹಿಡಿದು ಒಂದೊಂದೇ ಅಕ್ಷರ ಹೋಲಿಸಿದಳು. ಅವಳ ಹೆಸರೇ. ಪೂರಾ ಹೆಸರು. ಅವಳ ಎದೆ ಒಮ್ಮೆ ಹಿಗ್ಗಿತು. ಸೇರಿಸುತ್ತೇವೆ ಎಂದದ್ದು ಸೇರಿಸಿದ್ದಾರೆ, ಹೇಳಲು ಮರೆತಿದ್ದಾರೆ ಎಂದುಕೊಂಡು, ಕಾಗದವನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡು ಮನೆಗೆ ನಡೆದಳು.

ಶಾಂತಲಾ ಕಾಗದವನ್ನು ಮೊದಲು ತಾನೊಮ್ಮೆ ಓದಿಕೊಂಡಳು. ಆಮೇಲೆ, ಏನೂ ಇಲ್ಲಮ್ಮಾ, ಆಫೀಸಿನದು ಎಂದಳು. ಪುಟ್ಟಲಿಂಗಮ್ಮ ಅವಳ ಎದುರು ಕೂತಳು. ಓದು ಎಂದಳು.

ಅದು ಆಟ ಏಕೆ ಕೆಟ್ಟಿತೆಂದು ಆ ದೇಶಕ್ಕೆ ಬರೆದ ವರದಿ. ಪರೀಕ್ಷೆ ಮಾಡಿದವರೆಲ್ಲ ಬರಿಗಾಲಿನಲ್ಲಿದ್ದರು. ಶುಚಿತ್ವದ ಕೆಲಸದ ಪುಟ್ಟಲಿಂಗಮ್ಮ ಎಂಬಾಕೆ ಪಾದರಕ್ಷೆಯನ್ನು ಒಳಗೆ ಬಿಡುತ್ತಿರಲಿಲ್ಲ. ಹಲಗೆಯ ಕಣ್ಣುಗಳನ್ನು ಚುರುಕು ಮಾಡಿದ್ದೂ ಆಕೆಯ ಅಳತೆಗೇ. ಈ ತೊಂದರೆ ಪರೀಕ್ಷೆಯ ಹಂತದಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ. ಕೆಳಗೆ ಗಿರಿಧರನ್ ಸಹಿ.

“ಕೊನೇ ಸಾಲು ಇನ್ನೊಂದ್ ಸಲ ಓದು,” ಎಂದಳು ಪುಟ್ಟಲಿಂಗಮ್ಮ.

ಶಾಂತಲಾ ಓದಿದಳು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಗುರುಸ್ವಾಮಿ ಏನೋ ಹೇಳಲು ಬಾಯಿ ತೆರೆದವನು, ಹೆಂಡತಿಯ ಮುಖ ನೋಡಿ, ಬೆನ್ನಿನ ಗೋಣಿತಾಟು ತೆಗೆದು ಮೊಳೆಗೆ ಸಿಕ್ಕಿಸಿದ.

ಬೆಳಿಗ್ಗೆ ಬಂಗಲೆಗೆ ಹೋದಾಗ ಅವಳು ಮೊದಲು ಬಾಗಿಲು ನೋಡಿದಳು. ಜಯರಾಮನ್ ಸಹಿಯ ಕಾಗದ ಇರಲಿಲ್ಲ. ಅದು ಇದ್ದ ಕಡೆ ನಾಲ್ಕು ಮೂಲೆಗೆ ನಾಲ್ಕು ತುಂಡು ಟೇಪು, ನಡುವೆ ಮಾಸದ ಮರದ ಬಣ್ಣ. ಗಿರಿಧರನ್ ಒಳಗೆ ಒಬ್ಬನೇ ವೈರು ಸುತ್ತುತ್ತಿದ್ದ. ಬೂಟು ಹಾಕಿಕೊಂಡೇ ಇದ್ದ. ಅವನಿಗೂ ಜಯರಾಮನ್‌ಗೂ ಕೊಯಮತ್ತೂರಿನಲ್ಲಿ ಬೇರೆ ಕೆಲಸ ಆಗಿತ್ತು. ಅವಳ ಕೈಯಲ್ಲಿದ್ದ ಕಾಗದವನ್ನು ನೋಡಿದ, ಕೈ ನಿಲ್ಲಿಸಲಿಲ್ಲ.

“ಅದ್ರಲ್ಲಿ ಸುಳ್ಳು ಏನಿದೆ ಅಕ್ಕಾ? ಬೂಟು ಬೇಡ ಅಂದೋರು ನೀವೇ ಅಲ್ವಾ?”

“ಅಂದೋಳು ನಾನೇ ಅಂತ್ಲೇ ಇಟ್ಕೋ ತಂಬಿ. ಆಮ್ಯಾಕೆ ಬೂಟು ಹಾಕ್ಕಂಡು ತೋರ್ಸಿದ್ನಲ್ಲ, ಅದೆಲ್ಲೈತೆ ಇದ್ರಲ್ಲಿ?”

ಅವನು ಇನ್ನೂ ಎರಡು ಸುತ್ತು ಸುತ್ತಿದ. “ಅದನ್ನ ಬರೆದಿದ್ರೆ ನಾನು ಉಳೀತಿರ್ಲಿಲ್ಲ. ನಿಮ್ಗೆ ಏನಾಗುತ್ತೆ ಹೇಳಿ, ನೀವು ಇನ್ನೊಂದು ಮನೇಲಿ ಕೆಲ್ಸ ಹಿಡೀತೀರಿ. ನಾನು ಓದಿದೋನು, ನಂಗೆ ಈ ಹೆಸ್ರು ಅಂಟಿದ್ರೆ ಹೋಗಲ್ಲ.”

“ಹಂಗಾರೆ ಆಯಾ ಅಂತ ಬರೀಬೋದಿತ್ತಲ್ಲ. ನನ್ ಹೆಸ್ರು ಯಾಕ್ ಹಾಕ್ದೆ?”

ಗಿರಿಧರನ್ ತಲೆ ಎತ್ತಲಿಲ್ಲ. “ಅಂಥ ಕಾಗದಕ್ಕೆ ಪೂರಾ ಹೆಸ್ರು ಕೇಳ್ತಾರೆ ಅಕ್ಕಾ.”

ಕಿಟಕಿಯಾಚೆ ಸೈಪ್ರೆಸ್ ಮರಗಳಿಂದ ಇಬ್ಬನಿ ಒಂದೊಂದೇ ಹನಿಯಾಗಿ ತಗಡಿನ ಮೇಲೆ ಬೀಳುತ್ತಿತ್ತು. ಪುಟ್ಟಲಿಂಗಮ್ಮ ಕೊರಳಿನ ಚೀಟಿ ತೆಗೆದು ಮೇಜಿನ ಮೇಲಿಟ್ಟಳು.

“ಸರಿ ಸಾರ್,” ಎಂದಳು.

ಒಂದೂವರೆ ವರ್ಷದಲ್ಲಿ ಅವಳು ಅವನನ್ನು ಹಾಗೆ ಕರೆದದ್ದು ಅದೇ ಮೊದಲು. ಆಮೇಲೆ ಪೊರಕೆ ತೆಗೆದುಕೊಂಡು ಅವನ ಬೂಟಿನ ಗುರುತುಗಳನ್ನು ಬಿಟ್ಟು ಉಳಿದ ನೆಲವನ್ನೆಲ್ಲ ಗುಡಿಸಿ ಹೋದಳು.

ಆ ಬೇಸಿಗೆಗೆ ಶಾಂತಲಾಳನ್ನು ಹಾಸ್ಟೆಲಿಗೆ ಸೇರಿಸಿ ಗಂಡಹೆಂಡಿರು ಕಲ್ಲಟ್ಟಿ ಘಾಟಿ ಇಳಿದು ಮಸಿನಗುಡಿಗೆ ವಾಪಸಾದರು. ಪುಟ್ಟಲಿಂಗಮ್ಮ ಈಗ ಬೊಕ್ಕಾಪುರದ ಒಂದು ರೆಸಾರ್ಟಿನಲ್ಲಿ ನೆಲ ಒರೆಸುತ್ತಾಳೆ. ಬಿಳಿ ಟೈಲ್ಸಿನ ಜಗಲಿ. ಕಾಡು ನೋಡಿ ಜೀಪಿನಿಂದ ಇಳಿಯುವವರು ಆನೆಲದ್ದಿ, ಕೆಸರು ಮೆತ್ತಿದ ಬೂಟುಗಳಲ್ಲೇ ಕೋಣೆಗೆ ನಡೆಯುತ್ತಾರೆ. ಜೊತೆಗೆ ಕೆಲಸ ಮಾಡುವ ಕೆಂಪಿಗೆ ಸಿಟ್ಟು ಬರುತ್ತದೆ. ಬಾಗಿಲಲ್ಲಿ ಒಂದು ಬೋರ್ಡು ಹಾಕಿಸೋಣ, ಬೂಟು ಹೊರಗೆ ಬಿಡಿ ಅಂತ ಹೇಳೋಣ ಎಂದು ಅವಳು ಒಂದು ದಿನ ಮ್ಯಾನೇಜರ್ ಕಡೆ ಹೊರಟಳು. ಪುಟ್ಟಲಿಂಗಮ್ಮ ಅವಳ ಸೆರಗು ಹಿಡಿದು ನಿಲ್ಲಿಸಿದಳು.

“ನಿನ್ ಹೆಸ್ರಲ್ಲಿ ಹೇಳ್ಬ್ಯಾಡ,” ಎಂದಳು. “ಒರ್ಸು. ಅಷ್ಟೇ ಸಾಕು.”

ಜಗಲಿಯ ಮೆಟ್ಟಿಲ ಅಂಚಿನಲ್ಲಿ ಒಬ್ಬ ಅತಿಥಿ ಬೆಟ್ಟ ನೋಡುತ್ತ ನಿಂತಿದ್ದ. ದೊಡ್ಡ ಬೂಟು, ಮೂತಿ ಅಂಚಿನಿಂದ ಎರಡು ಬೆರಳು ಹೊರಗೆ. ಪುಟ್ಟಲಿಂಗಮ್ಮ ಬಟ್ಟೆ ಹಿಂಡಿಕೊಂಡು, ಅವನು ಆಚೆ ಹೋಗುವವರೆಗೆ ಕಾದಳು.